ಮುಂಬೈಯಲ್ಲಿ ಹನಿಮೂನ್: ಮೊದಲು ಕಿಟಕಿ ಆರಿಸಿ, ಆಮೇಲೆ ಹೋಟೆಲ್

ಅಣ್ಣನ ಮಗಳಿಗೆ ಮದುವೆ ನಿಶ್ಚಯವಾದ ವಾರವೇ ಫೋನ್ ಬಂತು. "ಅತ್ತೆ, ಮುಂಬೈಲಿ ಹನಿಮೂನಿಗೆ ಯಾವ ಹೋಟೆಲ್ ಒಳ್ಳೇದು?" ಹುಡುಗನಿಗೆ ಸಿಕ್ಕಿದ್ದು ಒಂದು ವಾರ ರಜೆ. ಬೀಗರ ಊಟ, ಸತ್ಯನಾರಾಯಣ ಪೂಜೆ ಎಲ್ಲ ಕಳೆದರೆ ಉಳಿಯುವುದು ಮೂರು ರಾತ್ರಿ. ದೂರದ ಊರಿಗೆ ಹೋಗಿ ಬರುವಷ್ಟು ಸಮಯವಿಲ್ಲ. ಇಬ್ಬರಿಗೂ ಸಮುದ್ರ ಬೇಕು, ಒಳ್ಳೆಯ ಊಟ ಬೇಕು, ಜೀವನದಲ್ಲಿ ಒಂದು ಸಲವಾದರೂ ದೊಡ್ಡ ಹೋಟೆಲಿನಲ್ಲಿ ಉಳಿಯಬೇಕು.

ನಾನು ಮುಂಬೈ ಸೇರಿ ಇಪ್ಪತ್ತು ವರ್ಷ ದಾಟಿತು. ನೆಂಟರ ಮಕ್ಕಳು ಹೀಗೆ ಕೇಳಿದಾಗ ನಾನು ಹೋಟೆಲಿನ ಹೆಸರು ಹೇಳುವುದಿಲ್ಲ, ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ಗಂಟೆಗೆ ತಲುಪುತ್ತೀರಿ? ಇಬ್ಬರಲ್ಲಿ ಯಾರು ಏನು ತಿನ್ನುವುದಿಲ್ಲ? ಪರದೆ ಸರಿಸಿದರೆ ಹೊರಗೆ ಏನು ಕಾಣಬೇಕು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಹೋಟೆಲ್ ತಾನಾಗಿಯೇ ಸಿಗುತ್ತದೆ. ಮದುವೆ ಮುಗಿಸಿ ಬರುವವರಿಗೆ ವಾರಗಟ್ಟಲೆ ನಿದ್ದೆ ಬಾಕಿ ಇರುತ್ತದೆ. ಹಿರಿಯರು ನೋಡಿ ಮಾಡಿದ ಮದುವೆಯಾದರೆ ಇಬ್ಬರೇ ಕೂತು ನೆಮ್ಮದಿಯಾಗಿ ಮಾತಾಡಿದ್ದೂ ಕಡಿಮೆ. ಅವರಿಗೆ ಬೇಕಾದದ್ದು ವಿಶ್ರಾಂತಿ, ಮತ್ತು ನಡೆದು ಹೋಗುವಷ್ಟು ಹತ್ತಿರದಲ್ಲಿ ಊಟ. ದುಡ್ಡು ಅದಕ್ಕೇ ಖರ್ಚಾಗಲಿ.

ಏರಿಯಾ ಗೊತ್ತುಮಾಡಿಕೊಳ್ಳಿ

ಮುಂಬೈ ಉದ್ದಕ್ಕೆ ಚಾಚಿಕೊಂಡ ಊರು. ವಿಮಾನ ನಿಲ್ದಾಣದಿಂದ ದಕ್ಷಿಣ ತುದಿಯ ಕೊಲಾಬಾಕ್ಕೆ 25 ಕಿ.ಮೀ.ಗಿಂತ ಜಾಸ್ತಿ. 2024ರಲ್ಲಿ ಕೋಸ್ಟಲ್ ರೋಡ್ ತೆರೆದ ಮೇಲೆ ದಾರಿ ಸುಲಭವಾಗಿದೆ. ಆದರೂ ಸಂಜೆ ಹೊತ್ತಿನಲ್ಲಿ ಒಂದೂವರೆ ಗಂಟೆ ಕಾರಿನಲ್ಲೇ ಕಳೆಯಬೇಕಾಗಬಹುದು. ಹಾಗಾಗಿ ಉತ್ತರದ ಜುಹೂನಲ್ಲಿ ಉಳಿದು ದಿನಾ ಕೊಲಾಬಾದ ಗೇಟ್‌ವೇ ಕಡೆ ಬರುತ್ತೇವೆ ಅನ್ನುವ ಯೋಜನೆ ಬೇಡ.

ಮೂರು ರಾತ್ರಿಗಾದರೆ ನನ್ನ ಮಾತು ಒಂದೇ: ದಕ್ಷಿಣ ಮುಂಬೈಯಲ್ಲಿ ಉಳಿಯಿರಿ. ಕೊಲಾಬಾ, ಫೋರ್ಟ್, ಮರೀನ್ ಡ್ರೈವ್ ಸುತ್ತ. ಇಲ್ಲಿ ಕಾಲುದಾರಿ ಇದೆ, ಮರಗಳ ನೆರಳಿದೆ, ನೋಡಲು ಹಳೆಯ ಕಟ್ಟಡಗಳಿವೆ. ಊಟಕ್ಕೆ ಹತ್ತು ನಿಮಿಷ ನಡೆದರೆ ಸಾಕು. ಆಟೋ ಮಾತ್ರ ಇಲ್ಲಿ ಓಡುವುದಿಲ್ಲ. ಬಾಂದ್ರಾ, ಸಯಾನ್ ದಾಟಿ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ, ಕಪ್ಪು-ಹಳದಿ ಟ್ಯಾಕ್ಸಿಯೇ ಗತಿ. ಅವು ಮೀಟರ್ ಹಾಕುತ್ತವೆ.

ವರ್ಲಿ, ಲೋವರ್ ಪರೇಲ್ ಕಡೆ ಫೋರ್ ಸೀಸನ್ಸ್, ಸೇಂಟ್ ರೀಜಿಸ್ ಇವೆ. ಎತ್ತರದ ಕಟ್ಟಡ, ರೂಮಿನಿಂದ ನೋಟ ಚೆನ್ನ. ಆದರೆ ಕೆಳಗಿಳಿದರೆ ಆಫೀಸು, ಮಾಲು, ಟ್ರಾಫಿಕ್. ಬಾಂದ್ರಾದ ತಾಜ್ ಲ್ಯಾಂಡ್ಸ್ ಎಂಡ್‌ನಿಂದ ಕಡಲ ಮೇಲಿನ ಸೀ ಲಿಂಕ್ ಸೇತುವೆ ಕಾಣುತ್ತದೆ. ಕೆಫೆಗಳಲ್ಲಿ ಕೂರುವ ಹುಚ್ಚಿರುವ ಜೋಡಿಗೆ ಬಾಂದ್ರಾ ಸರಿ. ಜುಹೂನಲ್ಲಿ ಮರಳ ಮೇಲೆ ನಡೆಯಬಹುದು. ಗೋಕರ್ಣದ ಕಡಲತೀರ ನೆನಪಿಟ್ಟುಕೊಂಡು ಹೋದರೆ ಮಾತ್ರ ಬೇಸರವಾಗುತ್ತದೆ. ಸಂಜೆ ಅಲ್ಲಿ ಜನವೋ ಜನ. ಏರ್‌ಪೋರ್ಟ್ ಪಕ್ಕದ ಹೋಟೆಲುಗಳು ಬೆಳಗಿನ ಜಾವದ ವಿಮಾನ ಹಿಡಿಯಬೇಕಾದ ಕೊನೇ ರಾತ್ರಿಗೆ ಒಳ್ಳೆಯವು, ಅಷ್ಟೇ.

ಸೂರ್ಯೋದಯವೋ, ಸೂರ್ಯಾಸ್ತವೋ?

ದಕ್ಷಿಣ ಮುಂಬೈಗೆ ಎರಡು ಕಡೆ ಸಮುದ್ರವಿದೆ. 'ಸೀ ವ್ಯೂ' ಅಂತ ಬರೆದದ್ದೆಲ್ಲ ಒಂದೇ ಸಮುದ್ರ ಅಂದುಕೊಂಡು ತುಂಬಾ ಜನ ಬುಕ್ ಮಾಡಿಬಿಡುತ್ತಾರೆ.

ಗೇಟ್‌ವೇ ಆಫ್ ಇಂಡಿಯಾ ಮುಂದಿರುವುದು ಬಂದರಿನ ಕಡಲು, ಪೂರ್ವಕ್ಕೆ. ತಾಜ್ ಮಹಲ್ ಪ್ಯಾಲೇಸ್ ಇರುವುದು ಅಲ್ಲೇ. 1903ರ ಡಿಸೆಂಬರಿನಲ್ಲಿ ಶುರುವಾದ ಹೋಟೆಲ್ ಅದು. ಎದುರಿನ ಗೇಟ್‌ವೇ ಮುಗಿದದ್ದೇ 1924ರಲ್ಲಿ. ಅಂದರೆ ಕಮಾನು ಮುಗಿಯುವ ಹೊತ್ತಿಗೆ ಹೋಟೆಲಿಗೆ ಆಗಲೇ ಇಪ್ಪತ್ತು ವರ್ಷ. ಇಲ್ಲಿಯ ಸಮುದ್ರ ನೋಟದ ರೂಮಿನಿಂದ ನಿಮಗೆ ಸಿಗುವುದು ಸೂರ್ಯೋದಯ, ದೋಣಿಗಳು, ಪಾರಿವಾಳಗಳು. ಬೆಳಗ್ಗೆ ಬೇಗ ಏಳುವ ಜೋಡಿಗೆ ಇದಕ್ಕಿಂತ ಚೆಂದದ್ದು ಈ ಊರಲ್ಲಿ ಇನ್ನೊಂದಿಲ್ಲ.

ಮರೀನ್ ಡ್ರೈವ್ ಪಶ್ಚಿಮಕ್ಕೆ. ಅದರ ತುದಿಯ ನರೀಮನ್ ಪಾಯಿಂಟ್‌ನಲ್ಲಿ ಒಬೆರಾಯ್ ಮತ್ತು ಟ್ರೈಡೆಂಟ್ ಅಕ್ಕಪಕ್ಕ ನಿಂತಿವೆ. ಸಂಜೆ ಕಡಲಲ್ಲಿ ಸೂರ್ಯ ಮುಳುಗಿದ ಮೇಲೆ ರಸ್ತೆ ದೀಪಗಳು ಸರ ಕಟ್ಟಿದ ಹಾಗೆ ಬಾಗಿ ಹೊತ್ತಿಕೊಳ್ಳುತ್ತವೆ. ಅದನ್ನೇ 'ರಾಣಿಯ ಕಂಠಹಾರ' ಅನ್ನುವುದು. ಒಬೆರಾಯ್ ದುಬಾರಿ, ಹೆಚ್ಚು ಶಾಂತ. ಟ್ರೈಡೆಂಟ್ ದೊಡ್ಡದು, ಸಾಮಾನ್ಯವಾಗಿ ಬಾಡಿಗೆ ಕಡಿಮೆ. ಎರಡೂ ಒಂದೇ ಸಂಸ್ಥೆಯವು, ಕಾಣುವ ಕಡಲೂ ಅದೇ. ಬಜೆಟ್ ಬಿಗಿಯಾದರೆ ಟ್ರೈಡೆಂಟ್‌ನಲ್ಲಿ ಸಮುದ್ರದ ಕಡೆಯ ರೂಮು ತಗೊಳ್ಳಿ. ದೊಡ್ಡ ಹೆಸರಿನ ಹೋಟೆಲಿಗೆ ಹೋಗಿ ಹಿಂದಿನ ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ಮೇಲು.

ತಾಜ್‌ನಲ್ಲಿ ಇನ್ನೊಂದು ಆಯ್ಕೆ ಬರುತ್ತದೆ. ಗುಮ್ಮಟದ ಹಳೆಯ ಪ್ಯಾಲೇಸ್ ವಿಂಗ್ ಒಂದು, 1970ರ ದಶಕದಲ್ಲಿ ಕಟ್ಟಿದ ಟವರ್ ಇನ್ನೊಂದು. ಫೋಟೋದಲ್ಲಿ ನೀವು ನೋಡಿ ಮೆಚ್ಚಿದ್ದು ಪ್ಯಾಲೇಸ್. ಕಡಿಮೆ ದರಕ್ಕೆ ಸಿಗುವುದು ಸಾಮಾನ್ಯವಾಗಿ ಟವರ್. ಟವರ್‌ನಲ್ಲಿ ಉಳಿದರೂ ಆ ಹಳೇ ಮೆಟ್ಟಿಲು, ಈಜುಕೊಳ, ತಿಂಡಿ ಊಟದ ಜಾಗಗಳೆಲ್ಲ ನಿಮ್ಮವೇ. ಹಾಗಾಗಿ ನಾನು ಹೇಳುವ ಉಪಾಯ ಇದು: ಮೂರು ರಾತ್ರಿ ಪ್ಯಾಲೇಸ್ ವಿಂಗ್‌ಗೆ ದುಡ್ಡು ಸಾಲದಿದ್ದರೆ ಮೊದಲೆರಡು ರಾತ್ರಿ ಸಾಧಾರಣ ಬಾಡಿಗೆಯ ಕಡೆ ಉಳಿಯಿರಿ, ಕೊನೆಯ ರಾತ್ರಿಯನ್ನು ಪ್ಯಾಲೇಸ್‌ಗೆ ಇಟ್ಟುಕೊಳ್ಳಿ. ಮೊದಲ ದಿನ ಹೇಗೂ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಅಷ್ಟು ದುಡ್ಡು ಕೊಟ್ಟ ಕಿಟಕಿಯನ್ನು ಎಚ್ಚರವಾಗಿದ್ದು ನೋಡಬೇಕು, ಅಲ್ವಾ?

ಬುಕ್ ಮಾಡುವ ಮೊದಲು ಒಂದು ಫೋನ್

ಆ್ಯಪ್‌ನಲ್ಲಿ ದರ ನೋಡಿ. ಆಮೇಲೆ ಹೋಟೆಲಿಗೇ ಫೋನ್ ಮಾಡಿ. ಅದೇ ದರವೋ ಅದಕ್ಕಿಂತ ಕಡಿಮೆಯೋ ಸಿಗಬಹುದು. ಸಿಗದಿದ್ದರೂ ಮಾತಾಡಿದ ಲಾಭ ಇದ್ದೇ ಇದೆ. ನಮ್ಮ ಮದುವೆಯಾದ ಹೊಸತರಲ್ಲಿ ಬೇರೊಂದು ಊರಿನ ಒಳ್ಳೆಯ ಹೋಟೆಲೊಂದರಲ್ಲಿ ನಮಗೆ ಎರಡು ಸಿಂಗಲ್ ಮಂಚ ಜೋಡಿಸಿದ ರೂಮು ಕೊಟ್ಟಿದ್ದರು. ರಾತ್ರಿ ಹನ್ನೊಂದಾಗಿತ್ತು, ಬೇರೆ ರೂಮು ಖಾಲಿ ಇರಲಿಲ್ಲ. ಮೂರು ದಿನವೂ ನಡುವಿನ ಸಂದಿಗೆ ಕಂಬಳಿ ತುರುಕಿ ಮಲಗಿದೆವು. ಮೊದಲೇ ಒಂದು ಮಾತು ಕೇಳಿದ್ದರೆ ಹಾಗಾಗುತ್ತಿರಲಿಲ್ಲ. ಅದಕ್ಕೇ ಇವಿಷ್ಟನ್ನು ಕೇಳಿ, ಆಮೇಲೆ ಇಮೇಲಿನಲ್ಲೂ ಬರೆಸಿಕೊಳ್ಳಿ:

- ಕಿಂಗ್ ಬೆಡ್ (ಒಂದೇ ದೊಡ್ಡ ಮಂಚ) ಇರುವ ರೂಮೇ ಸಿಗುತ್ತದೆಯೇ?
- ಪಕ್ಕದ ರೂಮಿಗೆ ಒಳಗಿಂದ ಬಾಗಿಲಿದೆಯೇ? ಇದ್ದರೆ ಆ ರೂಮು ಬೇಡ. ಮಾತೆಲ್ಲ ಆಚೆ ಕೇಳುತ್ತದೆ.
- ಲಿಫ್ಟ್‌ನಿಂದ ದೂರ, ಮೇಲಿನ ಮಹಡಿಯಲ್ಲಿ ಕೊಡಬಹುದೇ?
- ಬಾತ್‌ರೂಮಿನ ಗೋಡೆ ಗಾಜಿನದೇ? ಪರದೆ ಇದೆಯೇ?

ಕೊನೆಯದನ್ನು ಕೇಳಲು ಸಂಕೋಚ ಬೇಡ. ಹೊಸ ಹೋಟೆಲುಗಳಲ್ಲಿ ಮಂಚಕ್ಕೂ ಸ್ನಾನದ ಮನೆಗೂ ನಡುವೆ ಬರೀ ಗಾಜು ಇಡುವುದು ಜಾಸ್ತಿಯಾಗಿದೆ. ಈಗಷ್ಟೇ ಪರಿಚಯವಾಗುತ್ತಿರುವ ಇಬ್ಬರಿಗೆ, ಮುಖ್ಯವಾಗಿ ಹುಡುಗಿಗೆ, ಅದು ಎಷ್ಟು ಮುಜುಗರ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಲವು ಕಡೆ ಒಳಗಿಂದ ಇಳಿಸುವ ಪರದೆ ಇರುತ್ತದೆ. ಇದೆ ಅಂತ ಖಚಿತ ಮಾಡಿಕೊಂಡರೆ ನೆಮ್ಮದಿ.

'ಹನಿಮೂನ್ ಪ್ಯಾಕೇಜ್' ಅಂತ ಬೇರೆಯಾಗಿ ಮಾರುವುದನ್ನು ಬಿಡಿಸಿ ನೋಡಿ. ಹಲವು ಸಲ ಅದರಲ್ಲಿರುವುದು ಒಂದು ಕೇಕು, ಹಾಸಿಗೆ ಮೇಲೆ ಹೂವಿನ ಪಕಳೆ, ಒಂದು ಊಟ. ಹೊಸದಾಗಿ ಮದುವೆಯಾಗಿದ್ದೇವೆ ಅಂತ ತಿಳಿಸಿದರೆ ಕೇಕು, ಹೂವನ್ನು ಪ್ರೀತಿಯಿಂದ ಸುಮ್ನೆ ಕೊಡುವ ಹೋಟೆಲುಗಳು ಬೇಕಾದಷ್ಟಿವೆ. ಬೆಳಗಿನ ತಿಂಡಿ ಸೇರಿದ ದರ ಮಾತ್ರ ತಪ್ಪದೆ ತಗೊಳ್ಳಿ. ರದ್ದು ಮಾಡಿದರೆ ದುಡ್ಡು ವಾಪಸ್ ಬರದ ಅಗ್ಗದ ದರ ಬೇಡ. ಮದುವೆ ಮನೆಯಲ್ಲಿ ದಿನಾಂಕ ಆಚೀಚೆಯಾಗುವುದು ನಿಮಗೆ ಗೊತ್ತೇ ಇದೆ.

ಲೆಕ್ಕ ಹೀಗೆ ಹಾಕಿ

ಆ್ಯಪ್‌ನಲ್ಲಿ ಮೊದಲು ಕಾಣುವ ಬಾಡಿಗೆಗೆ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ 18% ಜಿಎಸ್‌ಟಿ. 20,000ದ ರೂಮಿನಲ್ಲಿ ಮೂರು ರಾತ್ರಿ ಉಳಿದರೆ 60,000 ಅಂತ ಅಂದುಕೊಂಡಿರುತ್ತೀರಿ, ಬಿಲ್ ಬರುವುದು 70,800.

ಊಟಕ್ಕೂ ಇದೇ ಕಥೆ. ಇಂಥ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ 18% ತೆರಿಗೆ, ಹೊರಗಿನ ರೆಸ್ಟೋರೆಂಟಿನಲ್ಲಿ 5%. 8,000ದ ಊಟ ಒಳಗೆ 9,440 ಆಗುತ್ತದೆ, ಹೊರಗೆ 8,400. ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹಾಗೆಂದು ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡವೆನಿಸಿದರೆ ನಯವಾಗಿ ಹೇಳಿ, ತೆಗೆಯುತ್ತಾರೆ. ಬಡಿಸಿದವರಿಗೆ ಕೈಯಾರೆ ಕೊಡುವುದು ನನಗೆ ಹೆಚ್ಚು ಇಷ್ಟ. ನೀರು ಕೇಳುವಾಗ 'ಸಾದಾ ನೀರು' ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ದುಬಾರಿ ಬಾಟಲಿ ಬಂದು ಕೂರುತ್ತದೆ.

ಚೆಕ್-ಇನ್ ಮಾಡುವಾಗ ಕಾರ್ಡಿನ ಮೇಲೆ ಒಂದು ಮೊತ್ತ ತಡೆಹಿಡಿಯುತ್ತಾರೆ. ಆಗ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ದುಡ್ಡೇ ಕೆಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಇಬ್ಬರ ಗುರುತಿನ ಚೀಟಿಯೂ ಬೇಕು. ಹುಡುಗಿಯ ಆಧಾರ್‌ನಲ್ಲಿ ತವರಿನ ಹೆಸರು, ವಿಳಾಸ ಇದ್ದರೆ ಗಾಬರಿ ಬೇಡ, ಅದೇ ಸಾಕು.

ಮದುವೆಗೆ ಏನು ಉಡುಗೊರೆ ಕೊಡಲಿ ಅಂತ ಕೇಳುವ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ. ಇನ್ನೊಂದು ಡಿನ್ನರ್ ಸೆಟ್ ಬೇಡ. ಒಂದು ರಾತ್ರಿಯ ಊಟದ ಖರ್ಚು ಕೊಡಿ ಅಂತ ಧೈರ್ಯವಾಗಿ ಕೇಳಿ.

ತಲುಪುವ ದಿನ

ಮಂಗಳೂರು, ಉಡುಪಿ ಕಡೆಯಿಂದ ಮತ್ಸ್ಯಗಂಧ ರೈಲು ಹಿಡಿದು ಬಂದರೆ ಕುರ್ಲಾ ಟರ್ಮಿನಸ್ ತಲುಪುವಾಗ ಇನ್ನೂ ಬೆಳಗ್ಗೆ. ಬೆಂಗಳೂರಿನ ಮೊದಲ ವಿಮಾನವೂ ತಿಂಡಿ ಹೊತ್ತಿಗೇ ಇಳಿಸುತ್ತದೆ. ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಈ ನಾಲ್ಕೈದು ಗಂಟೆಯಲ್ಲಿ ಲಾಬಿಯ ಸೋಫಾ ಮೇಲೆ ತೂಕಡಿಸುವ ಜೋಡಿಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೇಗ ರೂಮು ಕೊಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಖಾಲಿ ಇದ್ದರೆ ಕೊಡುತ್ತಾರೆ. ಇಲ್ಲವಾದರೆ ದಾರಿಯಲ್ಲಿ ಮಾಟುಂಗಾದಲ್ಲಿ ಇಳಿಯಿರಿ.

ಮಾಟುಂಗಾ ನಮ್ಮವರ ಕೇರಿ. 1926ರಲ್ಲಿ ಶುರುವಾದ ಕನ್ನಡಿಗರ ಸಂಘ, ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ. ಕಿಂಗ್ಸ್ ಸರ್ಕಲ್ ಹತ್ತಿರ ಕೆಫೆ ಮದ್ರಾಸ್ ಇದೆ. ಹೆಸರು ಮದ್ರಾಸ್ ಆದರೂ ನಡೆಸುವವರು ಕಾಮತರು. ರಾಗಿ ದೋಸೆ, ನೀರುದೋಸೆ, ಅನಾನಸ್ ಶೀರಾ, ಕಾಫಿ. ಸೋಮವಾರ ರಜೆ. ವಾರಾಂತ್ಯದಲ್ಲಿ ಸಾಲು ಉದ್ದ. ಸ್ಟೇಷನ್ ಪಕ್ಕದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದು. ಬಾಳೆಎಲೆ ಊಟ. ಎಲೆ ತುದಿಯಿಂದ ಉಪ್ಪು, ಪಲ್ಯ, ಸಾರು ಅಂತ ಬಡಿಸಿಕೊಂಡು ಬರುವಾಗ ಮದುವೆ ಮನೆ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ. ದುಬಾರಿ ಹೋಟೆಲಿನ ಹನಿಮೂನಿಗೆ ಬಂದವರನ್ನು ಇಲ್ಲಿಗೇಕೆ ಕಳಿಸುತ್ತೀರಿ ಅಂತ ನಮ್ಮವರು ಕೇಳುತ್ತಾರೆ. ಪ್ರಯಾಣದಿಂದ ಕೆಟ್ಟ ಹೊಟ್ಟೆಗೆ ಗೊತ್ತಿರುವ ರುಚಿ ಸಿಕ್ಕಿದರೆ ಮುಖ ಅರಳುತ್ತದೆ. ಆಮೇಲೆ ರೂಮಿಗೆ ಹೋಗಿ ಮಲಗಿದರೆ ಸಂಜೆಯವರೆಗೂ ಎಚ್ಚರವಾಗುವುದಿಲ್ಲ.

ಇನ್ನೊಂದು ಎಚ್ಚರ. ಈಗ ನವಿ ಮುಂಬೈಯಲ್ಲೂ ವಿಮಾನ ನಿಲ್ದಾಣ ಶುರುವಾಗಿದೆ. ಟಿಕೆಟ್‌ನಲ್ಲಿ ಯಾವುದಿದೆ ಅಂತ ನೋಡಿಕೊಳ್ಳಿ. ಅಲ್ಲಿಂದ ಬಂದರೆ ದಾರಿ, ಸಮಯ ಎಲ್ಲ ಬೇರೆ.

ಮೂರು ರಾತ್ರಿಯ ಊಟ

ಮೊದಲ ರಾತ್ರಿಗೆ ಎಲ್ಲೂ ಟೇಬಲ್ ಬುಕ್ ಮಾಡಬೇಡಿ. ರೂಮಿಗೇ ಊಟ ತರಿಸಿಕೊಳ್ಳಿ. ಅನ್ನ, ದಾಲ್ ಆದರೂ ಸರಿ.

ಎರಡನೇ ದಿನ ಹೊರಗೆ. ಈಗ ಆ ಎರಡನೇ ಪ್ರಶ್ನೆಗೆ ಬರೋಣ, ಯಾರು ಏನು ತಿನ್ನುವುದಿಲ್ಲ. ಒಬ್ಬರು ಮೀನು ಬಿಡದವರು, ಇನ್ನೊಬ್ಬರು ಮೊಟ್ಟೆಯನ್ನೂ ಮುಟ್ಟದವರು ಇರಬಹುದು. ಇದನ್ನು ಮೊದಲೇ ಬಿಚ್ಚಿ ಮಾತಾಡಿಕೊಳ್ಳಿ. ಇಬ್ಬರೂ ಮೀನು ತಿನ್ನುವವರಾದರೆ ಫೋರ್ಟ್‌ಗೆ ಹೋಗಿ. ಮಂಗಳೂರು ಕಡೆಯವರು ಕಟ್ಟಿದ ಮಹೇಶ್ ಲಂಚ್ ಹೋಮ್ ಅಲ್ಲಿದೆ, ಅಪೂರ್ವ ಇದೆ. ಗಸಿ, ನೀರುದೋಸೆ ಸಿಗುತ್ತದೆ. ಬೆಣ್ಣೆ ಬೆಳ್ಳುಳ್ಳಿ ಏಡಿಗೆ ತೃಷ್ಣಾ ಹೆಸರುವಾಸಿ. ಏಡಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ತಂದು ತೋರಿಸಿದಾಗಲೇ ಬೆಲೆ ಕೇಳಿ. ಏಡಿ ಬಿಡಿಸಿ ತಿನ್ನಲು ಎರಡೂ ಕೈ ಬೇಕು, ಬಾಯಿಗೂ ಮೂತಿಗೂ ಮೆತ್ತಿಕೊಳ್ಳುತ್ತದೆ. ಹೊಸ ಪರಿಚಯದ ಬಿಗುಪು ಅಲ್ಲಿಗೆ ಕರಗುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಸಸ್ಯಾಹಾರಿಗಳಿಗೆ ತಾರದೇವ್‌ನ ಸ್ವಾತಿ ಸ್ನ್ಯಾಕ್ಸ್, ಬಾಬುಲನಾಥ್ ಎದುರಿನ ಸೋಮ್ ಇವೆ. ಎರಡರಲ್ಲೂ ಗುಜರಾತಿ ರುಚಿ. ಬಾಳೆಎಲೆಯ ನಡುವೆ ತೆಳ್ಳಗೆ ಬೇಯಿಸಿದ 'ಪಂಕಿ' ತಿನ್ನಿ, ನಮ್ಮ ಎಲೆ ಕಡುಬಿನ ನೆಂಟ ಅದು. ಕಾಲಬಾದೇವಿಯ ಶ್ರೀ ಠಾಕರ್ ಭೋಜನಾಲಯದ ಥಾಲಿಗೆ ಹಸಿದು ಹೋಗಬೇಕು. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಯವರಾದರೆ 'ಜೈನ್' ಅಂದರೆ ಸಾಕು, ಮುಂಬೈಯ ಯಾವ ಅಡುಗೆಮನೆಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಆಲೂಗಡ್ಡೆ, ಕ್ಯಾರೆಟ್ ಕೂಡ ಇರುವುದಿಲ್ಲ.

ದೊಡ್ಡ ಊಟ ಒಂದೇ ಇರಲಿ, ಮೂರನೇ ರಾತ್ರಿಗೆ. ಆ ಹೊತ್ತಿಗೆ ನಿದ್ದೆ ತೀರಿರುತ್ತದೆ, ಮಾತು ಶುರುವಾಗಿರುತ್ತದೆ. ತಾಜ್ ಒಳಗಿನ ಗೋಲ್ಡನ್ ಡ್ರ್ಯಾಗನ್‌ನಲ್ಲಿ ಚೀನಾದ ಸಿಚುವಾನ್ ಅಡುಗೆ, ವಸಾಬಿಯಲ್ಲಿ ಜಪಾನಿನದು. ಒಬೆರಾಯ್‌ನ ಝಿಯಾದಲ್ಲಿ ಭಾರತೀಯ ಅಡುಗೆಯನ್ನು ಹೊಸ ರೀತಿಯಲ್ಲಿ ಕೊಡುತ್ತಾರೆ. ಮಹಾಲಕ್ಷ್ಮಿ ಕಡೆಯ ಹಳೇ ಮಿಲ್ ಆವರಣದಲ್ಲಿರುವ ಮಾಸ್ಕ್, ಏಷ್ಯಾದ 50 ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿ ಸೇರಿದೆ. ಅಲ್ಲಿ ಮೆನು ನೋಡಿ ಆರಿಸುವಂತಿಲ್ಲ. ಅಡುಗೆಯವರು ಗೊತ್ತುಮಾಡಿದ ತಿನಿಸುಗಳು ಒಂದಾದ ಮೇಲೊಂದು ಸಣ್ಣ ತಟ್ಟೆಯಲ್ಲಿ ಬರುತ್ತವೆ, ಎರಡೂವರೆ ಮೂರು ಗಂಟೆ ಕೂರಬೇಕು. ಇಬ್ಬರಿಗೂ ಹೊಸ ರುಚಿಯ ಕುತೂಹಲವಿದ್ದರೆ ಮಾತ್ರ ಹೋಗಿ. ಒಬ್ಬರು ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಹೇಳಿ. ಭಾರತದ ರೆಸ್ಟೋರೆಂಟಿಗೆ 'ಮಿಶೆಲಿನ್ ಸ್ಟಾರ್' ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳ್ಳೆಯ ಅಡುಗೆಗೆ ಸ್ಟಾರ್ ಕೊಡುವ ಆ ಗೈಡ್ ಇನ್ನೂ ನಮ್ಮ ದೇಶದ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಟ್ಟಿಲ್ಲ.

ಕಿಟಕಿ ಪಕ್ಕದ ಟೇಬಲ್ಲಿಗೆ ಆಸೆಪಡುವವರು ಗಡಿಯಾರ ನೋಡಬೇಕು. ಮುಂಬೈಯಲ್ಲಿ ಡಿಸೆಂಬರಿನ ಸೂರ್ಯ ಸಂಜೆ ಆರರ ಹೊತ್ತಿಗೇ ಮುಳುಗುತ್ತಾನೆ. ರಾತ್ರಿ ಊಟದ ರೆಸ್ಟೋರೆಂಟುಗಳು ಬಾಗಿಲು ತೆರೆಯುವುದು ಏಳರ ಮೇಲೆ. ಹಾಗಾಗಿ ಸೂರ್ಯಾಸ್ತವನ್ನು ಊಟದ ಜೊತೆ ಸೇರಿಸಬೇಡಿ. ಚರ್ಚ್‌ಗೇಟ್ ಹತ್ತಿರದ ಕೆ. ರುಸ್ತುಂನಲ್ಲಿ ಬಿಸ್ಕತ್ತಿನ ನಡುವೆ ಇಟ್ಟ ಐಸ್‌ಕ್ರೀಮ್ ತಗೊಂಡು ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತುಬಿಡಿ. ಬೇಗ ತಿನ್ನಿ, ಕರಗಿ ಕೈಮೇಲೆ ಇಳಿಯುತ್ತದೆ.

ತಾಜ್‌ನ ಸೀ ಲೌಂಜ್‌ಗೆ ಮಾತ್ರ ಮಧ್ಯಾಹ್ನದ ಚಹಾಕ್ಕೆ ಹೋಗಿ, ಅಲ್ಲಿ ಉಳಿಯದವರೂ ಹೋಗಬಹುದು. ಗೇಟ್‌ವೇ ಕಾಣುವ ಕಿಟಕಿ ಟೇಬಲ್ ಮೊದಲೇ ಕೇಳಿಕೊಳ್ಳಿ. ಮುಂಬೈಯ ಎಷ್ಟೋ ಕುಟುಂಬಗಳು ಹುಡುಗ-ಹುಡುಗಿಯನ್ನು ಮೊದಲು ಭೇಟಿ ಮಾಡಿಸುತ್ತಿದ್ದದ್ದು ಇಲ್ಲೇ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಚಹಾ ತಣ್ಣಗಾಗುವವರೆಗೂ ತಲೆ ತಗ್ಗಿಸಿ ಕೂತಿದ್ದರೆ ಸುಮ್ಮನೆ ನಕ್ಕುಬಿಡಿ.

ಯಾವಾಗ ಬರಬೇಕು

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನ, ಬಾಡಿಗೆ ಜಾಸ್ತಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟುಬಿಡಿ. ಜನವರಿಯ ಮೂರನೇ ಭಾನುವಾರ ಮ್ಯಾರಥಾನ್, ಬೆಳಗ್ಗೆ ಈ ಕಡೆಯ ರಸ್ತೆಗಳು ಮುಚ್ಚಿರುತ್ತವೆ. ಆಷಾಢದಲ್ಲಿ ಹೇಗೂ ಹುಡುಗಿ ತವರಿನಲ್ಲಿರುತ್ತಾಳೆ. ಶ್ರಾವಣದಲ್ಲಿ ಬಂದರೆ ಮಳೆ, ಅಲೆ, ಕಡಿಮೆ ದರ ಮೂರೂ ಸಿಗುತ್ತದೆ. ರೂಮಿನಿಂದಲೇ ಮಳೆ ನೋಡುವ ಮನಸ್ಸಿದ್ದರೆ ಅದೂ ಒಳ್ಳೆಯದೇ. ಆದರೆ ಗಣೇಶ ಹಬ್ಬದ ವಿಸರ್ಜನೆಯ ದಿನ ಗಿರಗಾಂವ್ ಚೌಪಾಟಿ ಕಡೆಗೆ ಕಾರು ಅಲುಗುವುದಿಲ್ಲ. ಎಲಿಫೆಂಟಾ ಗುಹೆಗೆ ಗೇಟ್‌ವೇಯಿಂದ ದೋಣಿ ಇದೆ, ಹೋಗಲು ಒಂದು ಗಂಟೆ. ಸೋಮವಾರ ಗುಹೆ ಮುಚ್ಚಿರುತ್ತದೆ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ ತರಿಸಿ ಸಾಲು ಸಾಲಾಗಿ ನೋಡಿ. ಮಿನಿಬಾರ್‌ನಿಂದ ತೆಗೆಯದ್ದನ್ನು ಸೇರಿಸಿದ್ದರೆ ಆಗಲೇ ಹೇಳಿದರೆ ಸರಿಮಾಡುತ್ತಾರೆ. ಬೆಳಗ್ಗೆ ಅವಸರದಲ್ಲಿ ಅದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನದ ರೈಲಾದರೆ ಎರಡು ಗಂಟೆವರೆಗೆ ರೂಮು ಇಟ್ಟುಕೊಳ್ಳಬಹುದೇ ಅಂತಲೂ ಆಗಲೇ ಕೇಳಿ. ಆಮೇಲೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮತ್ತೆ ಮಾಟುಂಗಾದಲ್ಲಿ ಟ್ಯಾಕ್ಸಿ ನಿಲ್ಲಿಸಿ. ಮೈಸೂರ್ ಕನ್ಸರ್ನ್ಸ್ ಅಂಗಡಿಯಲ್ಲಿ ಕಣ್ಣೆದುರೇ ಕಾಫಿಪುಡಿ ಮಾಡಿಕೊಡುತ್ತಾರೆ. ಎರಡು ಪೊಟ್ಟಣ ಕಟ್ಟಿಸಿ. ಒಂದು ತವರಿಗೆ, ಒಂದು ಅತ್ತೆಮನೆಗೆ.